ಎಂಟನೇ ಕ್ಲಾಸಿನ ಹುಡುಗ ಮೂರು ಶನಿವಾರದಿಂದ ಬಂದಿಲ್ಲ. ಮನೆಗೆ ಹೋಗಲಾ, ಬೇಡವಾ?

ಮಂಡಿ ಗುಮಾಸ್ತ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಜೂನ್‌ನಿಂದ ಪ್ರತಿ ಶನಿವಾರ ಊರ ಹೊರಗಿನ ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಿದ್ದೇನೆ. ಪಾಠ ಮಾಡೋಕಲ್ಲ, ಅದಕ್ಕೆ ಮೇಷ್ಟ್ರಿದ್ದಾರೆ. ಬೆಳಗಿನ ಶಾಲೆ ಬಿಟ್ಟ ಮೇಲೆ ನಾಲ್ಕು ಮಕ್ಕಳ ಜೊತೆ ಒಂದು ಗಂಟೆ ಕೂರುತ್ತೇನೆ. ಮುಂದೆ ಏನು ಓದ್ತೀಯಾ ಅಂತ ಮಾತು, ಜೊತೆಗೆ ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನದ ಪರೀಕ್ಷೆಗೆ ಸ್ವಲ್ಪ ತಯಾರಿ. ಕೂರೋದು ಸ್ಟಾಫ್ ರೂಮಿನ ಎದುರು ವರಾಂಡದಲ್ಲೇ.

ಅವರಲ್ಲಿ ಒಬ್ಬ ಹುಡುಗ ಮೊದಲ ತಿಂಗಳು 'ಹೂಂ ಸಾರ್' ಬಿಟ್ಟು ಬೇರೆ ಮಾತಾಡಲಿಲ್ಲ. ಶೇಕಡಾ ಲೆಕ್ಕ ತೆಗೆದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಿದ್ದ. ಒಂದು ದಿನ ಸುಮ್ನೆ ಮಂಡಿ ವಿಷಯ ತೆಗೆದೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳನ್ನು ಹೇಳಿದೆ. 'ಸರಕು ಬಿಟ್ರಿ ಸಾರ್' ಅಂದ! ಅವನ ಅಮ್ಮ ಅಡಿಕೆ ಸುಲಿಯುತ್ತಾರೆ. ಕೆಜಿಗೆ ಇಷ್ಟು ಅಂದರೆ ವಾರಕ್ಕೆ ಎಷ್ಟು, ಮುಂಗಡ ಮುರಿದರೆ ಕೈಗೆ ಎಷ್ಟು, ಎಲ್ಲ ಬಾಯಲ್ಲೇ ಹೇಳಿದ. ಅದೇ ಲೆಕ್ಕ ಪುಸ್ತಕದಲ್ಲಿ 'ಒಬ್ಬ ವ್ಯಾಪಾರಿಯು' ಅಂತ ಶುರುವಾದರೆ ಮುಗೀತು, ಕೈ ಓಡಲ್ಲ.

ಈಗ ಅಡಿಕೆ ಸುಲಿಯೋ ಕಾಲ. ಕೊನೆಯ ಸಲ ಬಂದಾಗ ಬೆರಳೆಲ್ಲ ಚೊಗರು, ಅಂದರೆ ಅಡಿಕೆ ರಸದ ಕಲೆ, ಹಿಡಿದು ಕಪ್ಪಾಗಿತ್ತು. ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತಿದ್ದ. ನಾನು ಪೆದ್ದನ ಹಾಗೆ ಎಲ್ಲರ ಮುಂದೆ 'ಏನೋ ಇದು, ಕೈ ತೊಳ್ಕೊಂಡು ಬಾ' ಅಂದುಬಿಟ್ಟೆ. ಚೊಗರು ಸೋಪಿಗೆ ಹೋಗಲ್ಲ ಅಂತ ಮಂಡಿಯಲ್ಲಿ ಹದಿನಾಲ್ಕು ವರ್ಷ ಕೂತ ನನಗೆ ಗೊತ್ತಿಲ್ವಾ? ಎದ್ದು ಹೋಗಿ ತೊಳೆದುಕೊಂಡೂ ಬಂದ. ಹಾಗೇ ಇತ್ತು. ಅಲ್ಲಿಂದ ಬಂದಿಲ್ಲ.

'ಬಿಡಿ ಸಾರ್, ಬೇರೆ ಹುಡುಗನ್ನ ಕೊಡ್ತೀವಿ' ಅನ್ನುತ್ತಿದ್ದಾರೆ ಶಾಲೆಯಲ್ಲಿ. ಏನು ಮಾಡಲಿ?

ಗಣಿತದ ಮೇಡಂ:
ನಾನು ಸಾಗರದ ಕಡೆಯವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಿಯಾದವಳು. ಒಬ್ಬರೇ ಮನೆಗೆ ಹೋಗಬೇಡಿ. ನೀವು ಎಷ್ಟೇ ಒಳ್ಳೆಯವರಿರಿ, ಆ ಮನೆಗೆ ಹೊರಗಿನವರು. ತರಗತಿ ಶಿಕ್ಷಕರ ಜೊತೆ ಹೋಗಿ. ಹುಡುಗ ಉಳಿದ ದಿನ ಶಾಲೆಗೆ ಬರ್ತಿದ್ದಾನಾ ಅಂತ ಮೊದಲು ಹಾಜರಿ ಪುಸ್ತಕ ನೋಡಿ. ಅದನ್ನೇ ನೀವು ಬರೆದಿಲ್ಲ! ಹದಿನಾಲ್ಕು ತುಂಬದ ಮಗುವನ್ನು ಯಾರಾದರೂ ಕೂಲಿಗೆ ಇಟ್ಟುಕೊಂಡಿದ್ದರೆ ಅದು ಕಾನೂನಿಗೆ ವಿರುದ್ಧ. ಮಕ್ಕಳ ಸಹಾಯವಾಣಿ 1098 ಇದೆ. ಅಮ್ಮನಿಗೆ ಮನೆಯಲ್ಲಿ ಕೈಜೋಡಿಸುತ್ತಿದ್ದರೆ ಮಾತೇ ಬೇರೆ.

ಎನ್‌ಎಂಎಂಎಸ್ ವಿಷಯ ಅಮ್ಮನಿಗೆ ದುಡ್ಡಿನ ಲೆಕ್ಕದಲ್ಲೇ ಹೇಳಿ. ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು. ಆದಾಯ ಪ್ರಮಾಣಪತ್ರಕ್ಕೆ ಓಡಾಡಬೇಕಾಗುತ್ತೆ, ನಿಮ್ಮಂಥವರು ಅಲ್ಲಿ ಜಾಸ್ತಿ ಉಪಯೋಗಕ್ಕೆ ಬರ್ತೀರಿ. ಇನ್ನೊಂದು. ಪರೀಕ್ಷೆಗೆ ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ. ಎರಡನೆಯದರಲ್ಲಿ ಗಣಿತ ಬರೀ 20, ವಿಜ್ಞಾನ 35, ಸಮಾಜ 35. ಶೇಕಡಾ ಲೆಕ್ಕಕ್ಕೇ ಅಂಟಿಕೊಂಡು ಕೂರಬೇಡಿ.

ಬೆಂಗಳೂರು ಬಸವ:
ಒಂದು ಒಳ್ಳೆ ಬ್ಯಾಗು, ಶೂ ತಗೊಂಡು ಹೋಗಿ ಸಾರ್. ಖುಷಿಯಾಗಿ ವಾಪಸ್ ಬರ್ತಾನೆ. ಬೇಕಾದರೆ ನಾನೂ ದುಡ್ಡು ಹಾಕ್ತೀನಿ.

ಸುಲಿದವನು:
ಬಸವಣ್ಣ, ಬೇಡ. ಒಬ್ಬನಿಗೆ ಶೂ ಕೊಟ್ಟರೆ ಉಳಿದ ಮೂವರು ಅವನನ್ನು ಸುಮ್ನೆ ಬಿಡ್ತಾರಾ?

ನಾನೂ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತು ಬೆಳೆದವನು. ಎಸ್ಸೆಸ್ಸೆಲ್ಸಿ ಆದಮೇಲೆ ಐಟಿಐ, ಈಗ ಎಲೆಕ್ಟ್ರಿಷಿಯನ್. ಗುಮಾಸ್ತ ಸಾರ್, ಸುಳ್ಳು ಸಮಾಧಾನ ಹೇಳಲ್ಲ. ಕೈ ತೊಳ್ಕೊಂಡು ಬಾ ಅಂದಿದ್ದು ನೆನಪಿರುತ್ತೆ. ನನಗೂ ಒಬ್ಬರು ಅಂದಿದ್ದರು. ಆದರೆ ನಾನು ತಪ್ಪಿಸುತ್ತಿದ್ದದ್ದು ಅದಕ್ಕಲ್ಲ. ಶನಿವಾರ ಮಧ್ಯಾಹ್ನ ಅಂದರೆ ಸುಲಿಯೋರಿಗೆ ಕೈತುಂಬ ಕೆಲಸ. ಆ ಹೊತ್ತಿಗೆ ಹುಡುಗನನ್ನು ಕೂರಿಸಿಕೊಂಡರೆ ಅಮ್ಮ ಒಬ್ಬರೇ ಆಗ್ತಾರೆ. ದಿನ ಬದಲಾಯಿಸಿ ನೋಡಿ. ತಪ್ಪಾಯ್ತು ಅಂತ ಒಂದು ಸಲ ಹೇಳಿ, ಅಲ್ಲಿಗೆ ಬಿಡಿ. ಪದೇ ಪದೇ ಹೇಳಿದರೆ ಅದು ಇನ್ನೊಂದು ಹಿಂಸೆ.

ಮಂಡಿ ಗುಮಾಸ್ತ:
ಹನ್ನೊಂದು ದಿನ ಆಯ್ತು, ಬರೆಯೋದು ತಡವಾಯ್ತು.

ಹಾಜರಿ ನೋಡಿದೆ ಮೇಡಂ. ಒಂದು ದಿನವೂ ಶಾಲೆ ತಪ್ಪಿಸಿಲ್ಲ, ನನ್ನ ಶನಿವಾರ ಮಾತ್ರ! ತರಗತಿ ಶಿಕ್ಷಕರ ಜೊತೆ ಮನೆಗೆ ಹೋದೆ. ಅಡಿಕೆ ಮನೆಗೇ ತಂದು ಸುಲಿಯುತ್ತಾರೆ, ಇವನು ಜೊತೆಗೆ ಕೂರುತ್ತಾನೆ. ರಾತ್ರಿ ಒಂಬತ್ತರ ಮೇಲೆ ಕೂರಿಸಬೇಡಿ ಅಂತ ಶಿಕ್ಷಕರು ಗಟ್ಟಿಯಾಗೇ ಹೇಳಿದರು. ಅಮ್ಮ ಚಹಾ ಕೊಟ್ಟರು. 12,000 ಅಂದಾಗ ಕತ್ತಿ ನಿಲ್ಲಿಸಿ, 'ಬ್ಯಾಂಕಿಗೇ ಬರುತ್ತಾ?' ಅಂತ ಎರಡು ಸಲ ಕೇಳಿದರು.

ಈಗ ಬುಧವಾರ ಊಟದ ಬಿಡುವಿನಲ್ಲಿ ಕೂರುತ್ತೇವೆ. ಸಾಹುಕಾರರು ಗೊಣಗಿದರು, ಸೀಸನ್ನಿನಲ್ಲಿ ನಡುಮಧ್ಯಾಹ್ನ ಎದ್ದು ಹೋದರೆ ಹೇಗೆ ಅಂತ. ಅವರು ಹೇಳೋದೂ ತಪ್ಪಲ್ಲ, ಸಂಜೆ ಒಂದು ಗಂಟೆ ಜಾಸ್ತಿ ಕೂತು ಸರಿ ಮಾಡುತ್ತೇನೆ.

ಅವತ್ತು ಹಾಗೆ ಅಂದಿದ್ದು ತಪ್ಪಾಯ್ತು ಕಣೋ ಅಂದೆ. ಅವನು ಬೆರಳು ನೋಡಿಕೊಂಡು, 'ನಿಂಬೆಹಣ್ಣು ತಿಕ್ಕಿದ್ರೆ ಸ್ವಲ್ಪ ಹೋಗುತ್ತೆ ಸಾರ್, ಪೂರ್ತಿ ಹೋಗಲ್ಲ' ಅಂದ. ಆಮೇಲೆ ಪುಸ್ತಕ ತೆಗೆದ. ವ್ಯಾಪಾರಿಯ ಲೆಕ್ಕ ಮತ್ತೆ ತಪ್ಪು.