ಬೇಲಿಯ ಹತ್ತಿರ ಮಾತ್ರ ನಿಲ್ಲಬೇಡ ಎಂದು ಹೇಳು

ಸುಮಾ, ಚಿಕ್ಕಪ್ಪ ಮಾತನಾಡುತ್ತಿದ್ದೇನೆ. ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆ ಈಗ ಓದಿದೆ. ಮಗ ಮಿಲಾನ್‌ನಿಂದ ಸ್ನೇಹಿತರ ಜೊತೆ ಮೊಂಜಾದ ಫಾರ್ಮುಲಾ ಒನ್ ಕಾರ್ ರೇಸ್ ನೋಡಲು ಹೊರಟಿದ್ದಾನೆ, ಹೋಗು ಎನ್ನಲೋ ಬೇಡ ಎನ್ನಲೋ ಎಂದು ಕೇಳಿದ್ದೀಯ. ಮೈಸೂರಿನ ಅತ್ತಿಗೆ ಆಗಲೇ ಬೇಡವೇ ಬೇಡ ಎಂದಿದ್ದಾರೆ, ಗುಂಡಣ್ಣ ಹೆಬ್ಬೆರಳು ಎತ್ತಿ ಸುಮ್ಮನಾಗಿದ್ದಾನೆ. ಇಬ್ಬರೂ ರೇಸ್ ಕಂಡವರಲ್ಲ. ನಾನು ಕಂಡವನು. ಮಾತು ಉದ್ದವಾಗುತ್ತದೆ, ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು ಕೇಳು.

1994ರಲ್ಲಿ ನಮ್ಮ ಕಾರ್ಖಾನೆಯವರು ಪೊಟ್ಟಣ ಕಟ್ಟುವ ಯಂತ್ರದ ತರಬೇತಿಗೆಂದು ನನ್ನನ್ನು ಇಟಲಿಯ ಬೊಲೊನ್ಯಾಕ್ಕೆ ಕಳುಹಿಸಿದ್ದು ಗೊತ್ತೇ ಇದೆಯಲ್ಲ. ಅಲ್ಲಿಂದ, ಆಗ ಫಾರ್ಮುಲಾ ಒನ್ ನಡೆಯುತ್ತಿದ್ದ ಇಮೋಲಾ ಊರು ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಆ ವರ್ಷ ಎರಡು ರೇಸ್ ಮುಗಿದಿದ್ದವು. ಜರ್ಮನಿಯ ಚಾಲಕ ಶುಮಾಕರ್ ಬಳಿ 20 ಅಂಕ, ಮೂರು ಬಾರಿಯ ಚಾಂಪಿಯನ್ ಸೆನ್ನಾ ಬಳಿ ಸೊನ್ನೆ. ಮೆಷಿನ್ ಶಾಪಿನಲ್ಲಿ ವಾರವಿಡೀ ಅದೇ ಮಾತು. ನನ್ನ ಪಕ್ಕದ ಬೆಂಚಿನ ಫಿಟ್ಟರ್ ಎರಡು ಟಿಕೆಟ್ ತಂದ, ನಾನೂ ಹಣ ಕೊಟ್ಟೆ.

ಶುಕ್ರವಾರವೇ ಶಕುನ ಕೆಟ್ಟಿತ್ತು. ಬ್ಯಾರಿಕೆಲ್ಲೊ ಎಂಬ ಚಾಲಕನ ಕಾರು ಹಾರಿ ಬೇಲಿಗೆ ಬಡಿಯಿತು, ಹುಡುಗ ಹೇಗೋ ಬದುಕಿದ. ಶನಿವಾರ ಅರ್ಹತಾ ಸುತ್ತಿನಲ್ಲಿ ರೋಲಾಂಡ್ ರಾಟ್ಜೆನ್‌ಬರ್ಗರ್ ಎಂಬ ಆಸ್ಟ್ರಿಯಾದವನ ಕಾರಿನ ಮುಂದಿನ ರೆಕ್ಕೆ ಮುರಿಯಿತು. ಗಂಟೆಗೆ 300 ಕಿಲೋಮೀಟರ್ ಮೀರಿದ ವೇಗದಲ್ಲಿ ಗೋಡೆಗೆ ಹೋಗಿ ತೀರಿಕೊಂಡ. ರಾತ್ರಿ ಟಿ.ವಿ.ಯಲ್ಲಿ ಅದನ್ನು ನೋಡಿದ ಮೇಲೆ ಭಾನುವಾರ ಹೋಗಬಾರದಿತ್ತು. ಟಿಕೆಟ್ ಹಣ ವ್ಯರ್ಥವಾಗುತ್ತದೆ ಎಂದು ಹೋದೆ.

ನಮ್ಮ ಜಾಗ ಆರಂಭದ ಗೆರೆಯ ಎದುರಿನ ಸ್ಟ್ಯಾಂಡಿನಲ್ಲಿ. ಮಧ್ಯಾಹ್ನ 2 ಗಂಟೆಗೆ ಹಸಿರು ದೀಪ ಬಿತ್ತು. ಲೆಹ್ಟೊ ಎಂಬವನ ಕಾರು ಹೊರಡದೆ ನಿಂತುಬಿಟ್ಟಿತು, ಹಿಂದಿನಿಂದ ಬಂದ ಲಾಮಿ ಅದಕ್ಕೆ ಗುದ್ದಿದ. ಆ ಸದ್ದು ಕಿವಿಗೆ ಬೀಳುವಷ್ಟರಲ್ಲಿ ಕಪ್ಪನೆಯದೊಂದು ತಿರುಗುತ್ತಾ ಬೇಲಿಯ ಮೇಲಿಂದ ಬಂತು. ಚಕ್ರ, ಸುಮಾ, ಚಕ್ರ! ನಮಗಿಂತ ಆರೇಳು ಸಾಲು ಕೆಳಗೆ, ಬೇಲಿಗೆ ಹತ್ತಿರವಿದ್ದ ಜನರ ನಡುವೆ ಬಿತ್ತು. ಯಾರೂ ಕೂಗಲಿಲ್ಲ, ಕೂಗುವುದಕ್ಕೂ ಸಮಯ ಬೇಕಲ್ಲ. ನನ್ನ ಮುಂದಿದ್ದ ಮುದುಕಿಯ ಥರ್ಮಾಸ್ ಉರುಳಿ ಕಾಫಿ ಒಂದೊಂದೇ ಮೆಟ್ಟಿಲು ಇಳಿದು ಹೋಗುತ್ತಿತ್ತು. ನನ್ನ ಚಪ್ಪಲಿಯ ಪಕ್ಕದಲ್ಲೇ ಹೆಬ್ಬೆರಳಿನಷ್ಟು ಕಾರ್ಬನ್ ಫೈಬರ್ ಚೂರು ಬಿದ್ದಿತ್ತು, ಅಂಚಿನಲ್ಲಿ ಕರಿಯ ನೂಲು ಬಿಟ್ಟುಕೊಂಡಿತ್ತು. ಎತ್ತಿದರೆ ಒಣಗಿದ ಎಲೆಯಷ್ಟೂ ಭಾರವಿಲ್ಲ. ಫಿಟ್ಟರ್ ಇಟ್ಟುಕೋ ಎಂದ. ನಾನು ಎಲ್ಲಿಂದ ಎತ್ತಿದ್ದೆನೋ ಅಲ್ಲೇ ಇಟ್ಟೆ.

ಆದ್ದರಿಂದ ಅವನಿಗೆ ಹೇಳು, ಬೇಲಿಯ ಹತ್ತಿರ ನಿಲ್ಲಬಾರದು.

ಸೆನ್ನಾನ ಕಾರು ಗೋಡೆಗೆ ಬಡಿದದ್ದು ನಮಗೆ ಕಾಣಿಸಲೇ ಇಲ್ಲ. ಏಳನೆಯ ಸುತ್ತಿನಲ್ಲಿ, ತಂಬುರೆಲ್ಲೊ ತಿರುವಿನಲ್ಲಿ. ಕಾರುಗಳು ನಿಂತವು, ಹೆಲಿಕಾಪ್ಟರ್ ಹಾರಿತು, ಮತ್ತೆ ರೇಸ್ ಶುರುವಾಯಿತು. ಹೌದು, ಮತ್ತೆ ಶುರು ಮಾಡಿದರು. ಕೊನೆಗೆ ಪಿಟ್ಸ್ ಎಂಬ, ಕಾರುಗಳು ಚಕ್ರ ಬದಲಿಸಲು ನಿಲ್ಲುವ ಜಾಗದ ದಾರಿಯಲ್ಲಿ ಇನ್ನೊಂದು ಕಾರಿನ ಚಕ್ರ ಕಳಚಿ ಮೆಕ್ಯಾನಿಕ್‌ಗಳಿಗೂ ಬಡಿಯಿತು. ಶುಮಾಕರ್ ಗೆದ್ದ. ಇಟಲಿಯವರದೇ ತಂಡವಾದ ಫೆರಾರಿಯ ಲಾರಿನಿ ಎರಡನೆಯವನು. ಬೇರೆ ದಿನವಾಗಿದ್ದರೆ ಆ ಊರು ಕುಣಿಯುತ್ತಿತ್ತು. ನಿಲ್ದಾಣದವರೆಗೆ ಜನ ಶವಯಾತ್ರೆಯಲ್ಲಿ ನಡೆದಂತೆ ನಡೆದರು, ಒಬ್ಬ ಮಾತ್ರ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿಕೊಂಡಿದ್ದ. ಸಂಜೆ ಏಳರ ಹೊತ್ತಿಗೆ ಅವನೇ ತಲೆ ಅಲ್ಲಾಡಿಸಿದ. ಸೆನ್ನಾನ ಕಾರಿನಲ್ಲಿ ಆಸ್ಟ್ರಿಯಾದ ಬಾವುಟ ಸಿಕ್ಕಿತೆಂದು ಆಮೇಲೆ ಓದಿದೆ. ಗೆದ್ದರೆ ರಾಟ್ಜೆನ್‌ಬರ್ಗರನಿಗಾಗಿ ಬೀಸಲು ಇಟ್ಟುಕೊಂಡಿದ್ದನಂತೆ. ಅದು ನೆನಪಾದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಲೋಕವೆಲ್ಲ ಸೆನ್ನಾನಿಗಾಗಿ ಅತ್ತಿತು, ಶನಿವಾರ ಹೋದವನ ಹೆಸರು ಎಷ್ಟು ಜನರಿಗೆ ಗೊತ್ತು? ಅವನಿಗೆ 33 ವರ್ಷ, ಮನೆಯಲ್ಲಿ ತಂದೆತಾಯಿ ಇದ್ದರು.

ಮನೆ ಎಂದಾಗ ಹೇಳಿಬಿಡುತ್ತೇನೆ, ನಿನ್ನ ಅಪ್ಪ ಈಗಿಲ್ಲ, ಆದರೂ ಹೇಳಬೇಕು. ಅಂದು ನಾನು ಬೊಲೊನ್ಯಾ ತಲುಪಿದಾಗ ನಮ್ಮ ಊರಿನಲ್ಲಿ ನಡುರಾತ್ರಿ ಕಳೆದಿತ್ತು. ಫೋನ್ ಇದ್ದದ್ದು ಎದುರು ಮನೆಯ ಮೇಷ್ಟ್ರ ಮನೆಯಲ್ಲಿ. ಅವರನ್ನು ಎಬ್ಬಿಸುವುದು ಸರಿಯಲ್ಲವೆಂದು ಸುಮ್ಮನಾದೆ, ಸೋಮವಾರ ಕೆಲಸ, ಮಾತನಾಡಿದ್ದು ಮಂಗಳವಾರ. ಅಷ್ಟರಲ್ಲಿ ಅಣ್ಣ ಪತ್ರಿಕೆಯಲ್ಲಿ ಪ್ರೇಕ್ಷಕರಿಗೂ ಗಾಯ ಎಂದು ಓದಿ ಒಂದು ಹಗಲು ಒಂದು ರಾತ್ರಿ ಮೇಷ್ಟ್ರ ಜಗಲಿಯಲ್ಲೇ ಕುಳಿತಿದ್ದ. ಅದು ನನ್ನ ತಪ್ಪೇ. ಆದರೆ ಆಮೇಲೆ ಪ್ರತಿ ಮದುವೆ, ಪ್ರತಿ ಮುಂಜಿಯಲ್ಲಿ, "ಇವನು ದುಡ್ಡು ಕೊಟ್ಟು ಸಾವು ನೋಡಿ ಬಂದವನು" ಎಂದು ಹತ್ತು ಜನರ ಮುಂದೆ ಹೇಳಿದ. ನೀವೂ ನಕ್ಕಿರಿ. ಅಲ್ಲಿ ನೀನು ಏನು ಕಂಡೆ, ರಾತ್ರಿ ನಿದ್ದೆ ಬರುತ್ತಿತ್ತೇ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಇವತ್ತು ಗುಂಪಿನಲ್ಲಿ ಪ್ರಶ್ನೆ ಬಂತು, ಅದಕ್ಕೇ ಹೇಳಿದೆ.

ಇರಲಿ. ಮೊಂಜಾ ಎಂದಿರಲ್ಲ, ಅಲ್ಲಿ 1961ರಲ್ಲಿ ಫಾನ್ ಟ್ರಿಪ್ಸ್ ಎಂಬ ಚಾಲಕನ ಫೆರಾರಿ ದಿಬ್ಬ ಹತ್ತಿ ತಂತಿ ಬೇಲಿಗೆ ಒತ್ತಿ ನಿಂತಿದ್ದವರ ಮೇಲೆ ಹೋಗಿ ಪ್ರೇಕ್ಷಕರೇ 15 ಮಂದಿ ತೀರಿಕೊಂಡರು, ಅವನೂ ಉಳಿಯಲಿಲ್ಲ. 2000ದಲ್ಲಿ ಅಲ್ಲೇ ಬಿಡಿಯಾಗಿ ಹಾರಿದ ಚಕ್ರ ಬಡಿದು ಬೆಂಕಿ ಆರಿಸುವ ಮಾರ್ಷಲ್ ಒಬ್ಬ ಸತ್ತ. ಈಗ ಚಕ್ರಗಳನ್ನು ಗಟ್ಟಿ ಹಗ್ಗದಿಂದ ಕಾರಿಗೆ ಕಟ್ಟಿರುತ್ತಾರೆ, 2018ರಿಂದ ಚಾಲಕನ ತಲೆಯ ಸುತ್ತ ಹೇಲೋ ಎಂಬ ಕಮಾನೂ ಇದೆ. ಬೇಲಿಗಳೂ ಆಗಿನಂತಿಲ್ಲ. ಆದರೂ ಬೇಲಿಯ ಹತ್ತಿರ ನಿಲ್ಲಬಾರದು, ಫೋಟೊ ತೆಗೆಯುವುದಕ್ಕೂ ಬೇಡ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ಕಳುಹಿಸು, ಹೋಗಿ ಬರಲಿ. ಹುಲ್ಲಿನ ಮೇಲೆ ನಿಲ್ಲುವ ಅಗ್ಗದ ಟಿಕೆಟ್ ಬೇಡ, ಸ್ಟ್ಯಾಂಡಿನಲ್ಲಿ ಮೇಲಿನ ಸಾಲು ತೆಗೆದುಕೊಳ್ಳಲಿ, ಹೆಚ್ಚಿನ ಹಣ ನಾನು ಕೊಡುತ್ತೇನೆ. ಕಿವಿಗೆ ಇಯರ್‌ಪ್ಲಗ್ ಇರಲಿ. ಮಿಲಾನ್‌ನಿಂದ ರೈಲಿದೆ, ಆದರೆ ಉದ್ಯಾನ ಬಹಳ ದೊಡ್ಡದು, ನಡೆಯಬೇಕು, ಒಳ್ಳೆಯ ಶೂ ಹಾಕಲಿ. ಆ ಜನಜಂಗುಳಿಯಲ್ಲಿ ಮೊಬೈಲ್ ಸಿಗುವುದಿಲ್ಲ, ಯಾವ ಗೇಟಿನಲ್ಲಿ ಸೇರುವುದೆಂದು ಸ್ನೇಹಿತರು ಮೊದಲೇ ಮಾತನಾಡಿಕೊಳ್ಳಲಿ. ರೇಸ್ ಮುಗಿದು ಹೊರಗೆ ಬಂದೊಡನೆ, ಎಷ್ಟೇ ಹೊತ್ತಾಗಿರಲಿ, ನಿನಗೆ ಫೋನ್ ಮಾಡಲಿ, ನೀನು ನನಗೆ ಮಾಡು. ನಾನು ಎದ್ದೇ ಇರುತ್ತೇನೆ. ಟಿಕೆಟ್ ಕೊಳ್ಳುವ ಮೊದಲು ಸ್ಟ್ಯಾಂಡಿನ ನಕ್ಷೆಯನ್ನು ನನಗೆ ಕಳುಹಿಸಲು ಹೇಳು, ಎಷ್ಟನೆಯ ಸಾಲು ಎಂದು ನಾನು ನೋಡಬೇಕು.