ಹಳೆಯ ಡಿಎನ್‌ಎಸ್-323 ಪೆಟ್ಟಿಗೆಯ ಒಳಬಾಗಿಲು ತೆರೆದವರು ಅನುಭವ ಹೇಳಿ

ಪ್ರಶ್ನೆ, ಸಾಗರದಿಂದ

ನಮ್ಮ ಅಣ್ಣ ಊರು ಬಿಡುವಾಗ ಡಿ-ಲಿಂಕ್ ಡಿಎನ್‌ಎಸ್-323 ಎಂಬ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯನ್ನು ನನ್ನ ತಲೆಗೆ ಕಟ್ಟಿ ಹೋಗಿದ್ದಾನೆ. ಒಳಗೆ 500 ಜಿಬಿಯ ಎರಡು ಡಿಸ್ಕ್‌ಗಳು, ಅವುಗಳಲ್ಲಿ ಹತ್ತು ವರ್ಷಗಳ ತಾಳಮದ್ದಲೆಯ ಧ್ವನಿಮುದ್ರಣಗಳು. ಹಳೆಯ ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದುಕೊಳ್ಳುತ್ತದೆ, ಹೊಸ ಲ್ಯಾಪ್‌ಟಾಪ್ ಅದರ ಗುರುತೇ ಇಲ್ಲವೆನ್ನುತ್ತದೆ. ಒಳಗಿರುವುದು ಲಿನಕ್ಸ್, ಕಂಪನಿ ತೋರಿಸದ ಸೌಲಭ್ಯಗಳನ್ನೂ ಹೊರಗೆಳೆಯಬಹುದು ಎಂದು ಒಬ್ಬರು ಹೇಳಿದರು. ಮಾಡಿ ನೋಡಿದವರು ಇದ್ದರೆ ತಿಳಿಸಿ. ನಾನು ಶಾಲಾ ಮೇಷ್ಟ್ರು. ಲಿನಕ್ಸ್ ಜ್ಞಾನ ಅಷ್ಟಕ್ಕಷ್ಟೆ.

ಬೆಂಗಳೂರಿನಿಂದ

ಮೇಷ್ಟ್ರೇ, ಇದೇ ಪೆಟ್ಟಿಗೆಯನ್ನು ಎಂಟು ವರ್ಷ ಓಡಿಸಿದ್ದೇನೆ. ಮೊದಲು ನಿಮ್ಮ ಲ್ಯಾಪ್‌ಟಾಪ್ ವಿಷಯ. ಫೈಲ್ ಹಂಚಿಕೊಳ್ಳಲು ಈ ಪೆಟ್ಟಿಗೆಗೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆಯ ಭಾಷೆ. ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ಪಿಡುಗು 2017ರ ಮೇ ತಿಂಗಳಲ್ಲಿ ಹಬ್ಬಿದ್ದು ಆ ದಾರಿಯಲ್ಲೇ. ಅದೇ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಅಳವಡಿಸುವುದನ್ನು ನಿಲ್ಲಿಸಿತು. ಲ್ಯಾಪ್‌ಟಾಪಿನಲ್ಲಿ ಅದನ್ನು ಮತ್ತೆ ಚಾಲೂ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪೆಟ್ಟಿಗೆಗೇ ಹೊಸ ಭಾಷೆ ಕಲಿಸೋಣ.

ಇಲ್ಲಿ ಬೀಗ ಒಡೆಯುವ ಕೆಲಸವಿಲ್ಲ, ಬೀಗದ ಕೈ ಹೊಸ್ತಿಲ ಮೇಲೇ ಇದೆ. ಪೆಟ್ಟಿಗೆ ಚಾಲೂ ಆಗುವಾಗ ಡಿಸ್ಕಿನಲ್ಲಿ ಯಾವ ಫೋಲ್ಡರಿನೊಳಗೂ ಅಲ್ಲದೆ ಹೊರಗೇ ‘ಫನ್_ಪ್ಲಗ್’ ಎಂಬ ಫೈಲ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದರಲ್ಲಿ ಬರೆದ ಆಜ್ಞೆಗಳನ್ನೆಲ್ಲ ರೂಟ್ ಅಧಿಕಾರದಲ್ಲಿ, ಅಂದರೆ ಪೂರ್ಣ ಯಜಮಾನಿಕೆಯಲ್ಲಿ, ಮರುಪ್ರಶ್ನೆಯಿಲ್ಲದೆ ನಡೆಸುತ್ತದೆ. ಈ ಕಿಂಡಿಗಾಗಿಯೇ ಎಫ್‌ಎಫ್‌ಪಿ ಎಂಬ ತಂತ್ರಾಂಶಗಳ ಕಟ್ಟು ಹುಟ್ಟಿಕೊಂಡಿತು. ಫನ್_ಪ್ಲಗ್ ಮತ್ತು ಅದರ ಜೊತೆಯ ಟಿಜಿಝಡ್ ಎಂಬ ಮಡಚಿದ ಫೈಲ್, ಎರಡನ್ನೂ ಹಳೆಯ ಕಂಪ್ಯೂಟರಿನಿಂದ ಪೆಟ್ಟಿಗೆಯ ಡಿಸ್ಕ್ ಕಾಣಿಸುವ ‘ವಾಲ್ಯೂಮ್_1’ರಲ್ಲಿ ಹಾಕಿ ಪೆಟ್ಟಿಗೆಯನ್ನು ರೀಸ್ಟಾರ್ಟ್ ಮಾಡಿ. ಟಿಜಿಝಡ್ ಬಿಚ್ಚಿಕೊಳ್ಳಲು ಕೆಲವು ನಿಮಿಷ ಬೇಕು. ಅವಸರಪಟ್ಟು ಸ್ವಿಚ್ ಒತ್ತಬೇಡಿ. ಆಮೇಲೆ ದೂರದಿಂದ ಆಜ್ಞೆ ಕೊಡುವ ಹಳೆಯ ದಾರಿಯಾದ ಟೆಲ್ನೆಟ್ ಮೂಲಕ ಒಳಗೆ ಹೋಗಿ, ರೂಟ್‌ಗೆ ಪಾಸ್‌ವರ್ಡ್ ಕೊಟ್ಟು, ಅದೇ ಕೆಲಸವನ್ನು ಗುಪ್ತಲಿಪಿಯಲ್ಲಿ ಮಾಡುವ ಎಸ್‌ಎಸ್‌ಎಚ್ ಚಾಲೂ ಮಾಡಿ, ಟೆಲ್ನೆಟ್ ಮುಚ್ಚಿಬಿಡಿ. ಹೊಸ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಎಚ್ ದಾರಿಯಲ್ಲಿ ಫೈಲ್ ತರುವ ವಿನ್‌ಎಸ್‌ಸಿಪಿ ಹಾಕಿಕೊಂಡರೆ ತಾಳಮದ್ದಲೆ ಎಳೆದುಕೊಳ್ಳಲು ಎಸ್‌ಎಂಬಿಯ ಗೊಡವೆಯೇ ಇಲ್ಲ.

ನಾನು ಬಿದ್ದ ಹಳ್ಳಗಳೆರಡು. ಫನ್_ಪ್ಲಗ್ ಅನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದು ಒಂದು ಸಾಲು ಸೇರಿಸಿ ಉಳಿಸಿದೆ. ಆವತ್ತಿನ ನೋಟ್‌ಪ್ಯಾಡ್ ಹೊಸದಾಗಿ ಬರೆದ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತಿತ್ತು, ಲಿನಕ್ಸ್‌ಗೆ ಅದು ಅಪಥ್ಯ. ಎರಡು ಸಂಜೆ ತಲೆ ಚಚ್ಚಿಕೊಂಡೆ. ಇನ್ನೊಂದು ಈಚಿನದು: 2021ರ ನಂತರದ ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್‌ನ ಒಂದು ತಂತ್ರಾಂಶ) ಪೆಟ್ಟಿಗೆ ತನ್ನ ಗುರುತಿಗೆ ತೋರಿಸುವ ಹಳೆಯ ಆರ್‌ಎಸ್‌ಎ ಸಹಿಯನ್ನು ತಾನಾಗಿ ಒಪ್ಪುವುದಿಲ್ಲ, ಆ ಒಂದು ಪೆಟ್ಟಿಗೆಗೆ ಮಾತ್ರ ವಿನಾಯಿತಿ ಬರೆದುಕೊಡಬೇಕಾಗುತ್ತದೆ.

ಒಳಗಿರುವುದು 500 ಮೆಗಾಹರ್ಟ್ಸ್ ಮಾರ್ವೆಲ್ ಚಿಪ್, 64 ಎಂಬಿ ಮೆಮೊರಿ ಎಂಬುದು ನೆನಪಿರಲಿ. ರಾತ್ರಿ ಎರಡಕ್ಕೆ ಬದಲಾದ ಫೈಲ್‌ಗಳನ್ನಷ್ಟೇ ನಕಲಿಸುವ ಆರ್‌ಸಿಂಕ್ ಓಡಿಸಲು ಧಾರಾಳವಾಯಿತು. ಟೊರೆಂಟ್ ಹಾಕಿದ ದಿನ ಮಾತ್ರ ಗಾಣಕ್ಕೆ ಕಟ್ಟಿದ ಎತ್ತಿನಂತೆ ಏದುಸಿರು ಬಿಟ್ಟಿತು. ಪೆಟ್ಟಿಗೆಯನ್ನು ನಡೆಸುವ ಕಂಪನಿಯ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹಾಗೆಯೇ ಇರುತ್ತದೆ. ಫನ್_ಪ್ಲಗ್‌ನ ಹೆಸರು ಬದಲಿಸಿ ರೀಸ್ಟಾರ್ಟ್ ಮಾಡಿದರೆ ಇದ್ಯಾವುದೂ ಓಡುವುದಿಲ್ಲ. ಆಲ್ಟ್-ಎಫ್ ಎಂಬ ಬದಲಿ ಫರ್ಮ್‌ವೇರ್ ಕೂಡ ಇದೆ, ಆದರೆ ನಿಮ್ಮ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಉಡುಪಿಯಿಂದ

ಮೇಲಿನವರು ಹೇಳಿದ್ದೆಲ್ಲ ಸರಿ, ಕ್ರಮ ಮಾತ್ರ ತಿರುವುಮುರುವು. ಫನ್_ಪ್ಲಗ್ ಮುಟ್ಟುವ ಮೊದಲು ಹಳೆಯ ಕಂಪ್ಯೂಟರಿನಲ್ಲೇ, ಎಷ್ಟೇ ನಿಧಾನವಾದರೂ, ಒಂದು ಪ್ರತಿ ತೆಗೆಯಿರಿ. ಡಿಸ್ಕ್‌ಗಳು ಒಂದರ ಪ್ರತಿ ಇನ್ನೊಂದರಲ್ಲಿರುವ ಕನ್ನಡಿ ಜೋಡಣೆಯಲ್ಲಿವೆಯೇ, ಬಿಡಿಯಾಗಿವೆಯೇ ಎಂದು ಸೆಟ್ಟಿಂಗ್ ಪುಟದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಯಾವುದು ಎಡಗಡೆಯದು, ಯಾವುದು ಬಲಗಡೆಯದು ಎಂದು ಚೀಟಿ ಅಂಟಿಸಿ. ‘ಫಾರ್ಮ್ಯಾಟ್ ಮಾಡಲೇ?’ ಎಂದು ಪೆಟ್ಟಿಗೆ ಕೇಳಿದರೆ ಎಂಥ ಸ್ಥಿತಿಯಲ್ಲೂ ಹೂಂ ಎನ್ನಬೇಡಿ. ನಾನು ಒಮ್ಮೆ ಅಂದಿದ್ದೇನೆ. ತಂಗಿಯ ಮದುವೆಯ ವಿಡಿಯೊ ಈಗ ನೆಂಟರ ಮನೆಯ ಸಿಡಿಯಲ್ಲಿ ಮಾತ್ರ ಇದೆ.

ಇದರ ಡಿಸ್ಕ್‌ಗಳಲ್ಲಿರುವುದು ಇಎಕ್ಸ್‌ಟಿ 2 ಅಥವಾ 3 ಎಂಬ ಲಿನಕ್ಸಿನ ಫೈಲ್ ಜೋಡಿಸುವ ಕ್ರಮ, ಸಾಧಾರಣ ಲಿನಕ್ಸ್ ಕಂಪ್ಯೂಟರಿಗೆ ಸಾಟಾ ಕೇಬಲಿನಲ್ಲಿ ಜೋಡಿಸಿದರೂ ಓದಬಹುದು. ಎಲ್ಲ ಪೆಟ್ಟಿಗೆಗಳಿಗೂ ಈ ಭಾಗ್ಯವಿಲ್ಲ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ತನ್ನ ಡಿಸ್ಕನ್ನು 64 ಕೆಬಿಯ ಬ್ಲಾಕ್‌ಗಳಾಗಿ ಕೊಯ್ದಿಡುತ್ತದೆ. 4 ಕೆಬಿಯ ಪುಟಗಳಲ್ಲಿ ಯೋಚಿಸುವ ಮನೆಯ ಕಂಪ್ಯೂಟರು ಸಾಮಾನ್ಯವಾಗಿ ಅದನ್ನು ತೆರೆಯಲಾರದು, ಲಿನಕ್ಸಿನ ತಿರುಳಿನ ಹೊರಗೆ ನಿಂತು ಡಿಸ್ಕ್ ಓದುವ ಫ್ಯೂಸ್ ಉಪಕರಣಗಳ ಸುತ್ತುದಾರಿ ಹಿಡಿಯಬೇಕು.

ಹುಬ್ಬಳ್ಳಿಯಿಂದ

ನಮ್ಮ ಕಾಲದ ಮಾತು ಬಂದಿದ್ದಕ್ಕೆ ನಾನೂ ಒಂದಿಷ್ಟು ಹರಟುತ್ತೇನೆ. 2004ರಲ್ಲಿ ಬಂದ ಲಿಂಕ್‌ಸಿಸ್ ಎನ್‌ಎಸ್‌ಎಲ್‌ಯು 2 ನನ್ನಲ್ಲಿತ್ತು, ಮುದ್ದಿನ ಹೆಸರು ‘ಸ್ಲಗ್’, ಅಂದರೆ ಚಿಪ್ಪಿಲ್ಲದ ಬಸವನಹುಳು. 32 ಎಂಬಿ ಮೆಮೊರಿ, 8 ಎಂಬಿ ಫ್ಲಾಶ್. ಅದರೊಳಗಿನ ಇಂಟೆಲ್ ಚಿಪ್ 266 ಮೆಗಾಹರ್ಟ್ಸ್‌ನದು, ಮೊದಮೊದಲ ಪೆಟ್ಟಿಗೆಗಳಲ್ಲಿ ಅದನ್ನು 133ಕ್ಕೆ ಇಳಿಸಿ ಕಟ್ಟಿಹಾಕಿದ್ದರು. ಕಟ್ಟು ಯಾವುದು ಗೊತ್ತೇ? ಸಾಸಿವೆಗಿಂತ ಸಣ್ಣ ಒಂದು ರೆಸಿಸ್ಟರ್! ಅದನ್ನು ಕಿತ್ತರೆ ವೇಗ ಎರಡರಷ್ಟು. ಮಡದಿಯ ಹುಬ್ಬಿನ ಚಿಮಟದಲ್ಲಿ ಕಿತ್ತೆ. ಪಕ್ಕದ ತಾಮ್ರದ ಗೆರೆಯೂ ಸುಟ್ಟಿತು, ಆದರೂ ಬದುಕಿತು. ಕರೆಂಟ್ ಹೋಗಿ ಬಂದರೆ ಗುಂಡಿ ಒತ್ತುವವರೆಗೆ ಏಳದ ಜಾತಿ ಅದು. ಅದಕ್ಕೂ ಜನ ಬೆಸುಗೆ ಹಾಕಿ ಮದ್ದು ಕಂಡುಕೊಂಡಿದ್ದರು.

ಮೇಷ್ಟ್ರಿಗೆ ಬೆಸುಗೆಯ ಅಗತ್ಯವಿಲ್ಲ. ಮುಂದೆ ಫರ್ಮ್‌ವೇರ್ ಬದಲಿಸುವ ಹುಕಿ ಬಂದರೆ ಮಾತ್ರ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡಿನೊಂದಿಗೆ ನೇರ ಮಾತಾಡಲು ಯುಎಸ್‌ಬಿ ಸೀರಿಯಲ್ ಪರಿವರ್ತಕ ಕೊಂಡುಕೊಳ್ಳಿ, 3.3 ವೋಲ್ಟ್‌ನದೇ ಆಗಬೇಕು. 5 ವೋಲ್ಟ್ ಕೊಟ್ಟರೆ ಬೋರ್ಡ್ ಸುಡಬಹುದು. ನೆಲದ ತಂತಿ, ಕಳಿಸುವ ತಂತಿ, ಪಡೆಯುವ ತಂತಿ, ಈ ಮೂರನ್ನಷ್ಟೇ ಜೋಡಿಸುವುದು. ವಿದ್ಯುತ್ತಿನ ನಾಲ್ಕನೆಯದನ್ನು ಹಾಗೇ ಬಿಡುವುದು.

ಮೈಸೂರಿನಿಂದ

ಇದನ್ನು ಇಂಟರ್ನೆಟ್ಟಿಗೆ ಮಾತ್ರ ತೆರೆದಿಡಬೇಡಿ. ರೌಟರಿನಲ್ಲಿ ಹೊರಗಿನವರಿಗೆ ಒಳದಾರಿ ತೆರೆಯುವ ಪೋರ್ಟ್ ಫಾರ್ವರ್ಡಿಂಗ್, ಆ ದಾರಿಯನ್ನು ತಾನಾಗಿ ತೆರೆದುಬಿಡುವ ಯುಪಿಎನ್‌ಪಿ ಎರಡನ್ನೂ ಮುಚ್ಚಿ. 2021ರ ಜೂನ್‌ನಲ್ಲಿ ಮೇಲೆ ಹೇಳಿದ ಮೈ ಬುಕ್ ಲೈವ್‌ಗಳನ್ನು ದೂರದಿಂದಲೇ ಫ್ಯಾಕ್ಟರಿ ರೀಸೆಟ್ ಮಾಡಿ ಅಳಿಸಿಹಾಕಿದರು, ಅವುಗಳ ಕೊನೆಯ ಫರ್ಮ್‌ವೇರ್ 2015ರದು. 2024ರ ಏಪ್ರಿಲ್‌ನಲ್ಲಿ ಡಿ-ಲಿಂಕ್‌ನ 320ಎಲ್, 325, 327ಎಲ್, 340ಎಲ್ ಮುಂತಾದ ಹಳೆಯ ಪೆಟ್ಟಿಗೆಗಳಲ್ಲಿ ಪಾಸ್‌ವರ್ಡ್ ಇಲ್ಲದ ಗುಪ್ತ ಖಾತೆಯೊಂದು ಬಯಲಾಯಿತು. ಆಯುಷ್ಯ ಮುಗಿದ ಸರಕು, ರಿಪೇರಿ ಇಲ್ಲ, ಬಳಸುವುದನ್ನು ನಿಲ್ಲಿಸಿ ಎಂದಿತು ಕಂಪನಿ. ಹಾಗಾಗಿ ನನ್ನ ಮಟ್ಟಿಗೆ ಇದು ಎರಡನೆಯ ಪ್ರತಿ ಇಡುವ ಉಗ್ರಾಣ, ಮೊದಲನೆಯದಲ್ಲ.

ಕೇಳಿದವರಿಂದಲೇ, ಎರಡು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಉಡುಪಿಯವರ ಮಾತಿನಂತೆ ಮೊದಲು ಪ್ರತಿ ತೆಗೆದೆ, ಒಂದು ಇಡೀ ಭಾನುವಾರ ಹಿಡಿಯಿತು. ಆಮೇಲೆ ಫನ್_ಪ್ಲಗ್ ಹಾಕಿದರೆ ಏನೂ ಆಗಲಿಲ್ಲ. ನೋಟ್‌ಪ್ಯಾಡ್ ಮುಟ್ಟಿರಲೇ ಇಲ್ಲ! ಮೂರು ಬಾರಿ ರೀಸ್ಟಾರ್ಟ್ ಮಾಡಿದ ಮೇಲೆ ನನ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನೋಡಿ ಹೇಳಿದ: ಇಳಿಸಿಕೊಳ್ಳುವಾಗ ಬ್ರೌಸರ್ ಹೆಸರಿನ ಕೊನೆಗೆ ‘ಟಿಎಕ್ಸ್‌ಟಿ’ ಎಂಬ ಬಾಲ ಸೇರಿಸಿದೆ, ವಿಂಡೋಸ್ ಆ ಬಾಲವನ್ನು ಮುಚ್ಚಿಟ್ಟಿದೆ. ಬಾಲ ಕತ್ತರಿಸಿದೆವು, ಟೆಲ್ನೆಟ್ ತೆರೆಯಿತು, ಎಸ್‌ಎಸ್‌ಎಚ್ ಕೂಡ ಆಯಿತು. ಈಗ ಆ ಹುಡುಗ ಹುಬ್ಬಳ್ಳಿಯವರ ಬಸವನಹುಳು ಇನ್ನೂ ಇದೆಯೇ, ಮಾರುತ್ತಾರೆಯೇ ಎಂದು ಕೇಳುತ್ತಿದ್ದಾನೆ.