ಬೆರಳು ಮುರಿದಿದೆ: ತಂತಿ ಹಾಕಿಸೋದಾ, ಸ್ಕ್ರೂ ಹಾಕಿಸೋದಾ?

ಪ್ರಶ್ನೆ:
ನಮಸ್ತೆ ಡಾಕ್ಟ್ರೇ, ನಮ್ದು ಮುಳಬಾಗಿಲು ತಾಲ್ಲೂಕು. ಸೋಮವಾರ ಬೆಳಿಗ್ಗೆ ಅಮ್ಮ ಸೀಮೆ ಹಸುನ ಬಿಚ್ಚಿ ಆಚೆ ಕಟ್ಟೋಕೆ ಹೋದಾಗ ಹಗ್ಗನ ಕೈಗೆ ಸುತ್ಕೊಂಡಿದ್ರು, ಯಾವ್ದೋ ಬೈಕ್ ಸದ್ದಿಗೆ ಹಸು ಬೆದರಿ ಎಳ್ಕೊಂಡು ಓಡ್ತು, ಬಲಗೈ ಉಂಗುರದ ಬೆರಳು ತಿರುಚ್ಕೊಂಡು ಲಟಕ್ ಅಂತು. ಕೋಲಾರಕ್ಕೆ ಹೋಗಿ ಎಕ್ಸ್‌ರೇ ತೆಗ್ಸಿದ್ವಿ, ಬೆರಳಿನ ಬುಡದ ಮೂಳೆ ಓರೆಯಾಗಿ ಉದ್ದಕ್ಕೆ ಸೀಳಿದೆ ಅಂದ್ರು. ಅಲ್ಲಿ ಒಬ್ರು ತಂತಿ ಹಾಕೋಣ ಅಂತಾರೆ, ಇನ್ನೊಂದು ಕಡೆ ತೋರಿಸಿದ್ರೆ 2 ಸ್ಕ್ರೂ ಬೇಕು ಅಂತಾರೆ, ಮನೇಲಿ ಅಜ್ಜಿ ಎರಡೂ ಬೇಡ ಆಂಧ್ರದ ಪುತ್ತೂರಿಗೆ ಹೋಗಿ ನಾಟಿ ಕಟ್ಟು ಕಟ್ಟಿಸ್ಕೊಂಡು ಬನ್ನಿ ಅಂತ ಹಠ. ಅಮ್ಮಂಗೆ 49, ಶುಗರ್ ಇದೆ. ಬೆರಳು ಊದಿತ್ತು ಅಂತ ಉಂಗುರ ಕಟ್ ಮಾಡಿ ತೆಗೆದ್ರು, ಮೂಳೆಗಿಂತ ಅದಕ್ಕೇ ಜಾಸ್ತಿ ಅಳ್ತಾ ಇದ್ದಾರೆ. ಬೆರಳು ತಾನೇ, ಆಪರೇಷನ್ ಬೇಕೇಬೇಕಾ?

ಡಾಕ್ಟರ್ ಉತ್ತರ:
ಉಂಗುರ ತೆಗೆದಿದ್ದು ಒಳ್ಳೇದಾಯ್ತು, ಬಿಟ್ಟಿದ್ರೆ ಊತಕ್ಕೆ ರಕ್ತ ಓಡಾಟ ನಿಂತು ಬೆರಳಿಗೇ ಸಂಚಕಾರ ಬರ್ತಿತ್ತು. ಉಂಗುರನ ಅಕ್ಕಸಾಲಿಗರು ಬೆಸೆದುಕೊಡ್ತಾರೆ ಅಂತ ಅಮ್ಮಂಗೆ ಹೇಳಿ.

ಬೆರಳು ತಾನೇ ಅನ್ನೋ ಮಾತು ನಾನು ಓಪಿಡಿಲಿ ದಿನಾ ಕೇಳ್ತೀನಿ. ನೋಡಿ, ಬೆರಳಿನ ಮೂಳೆ ಮುರಿದ್ರೆ ಎಲ್ಲದಕ್ಕೂ ಆಪರೇಷನ್ ಬೇಕಾಗಲ್ಲ, ಜರುಗದೇ ಇರೋವು ಎಷ್ಟೋ ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿದ್ರೇ ವಾಸಿಯಾಗ್ತವೆ. ಆದ್ರೆ ನಿಮ್ಮಮ್ಮಂದು ಹಗ್ಗ ತಿರುಚಿ ಆಗಿರೋದು, ಒದ್ದೆ ಬಟ್ಟೆ ಹಿಂಡಿದಂಗೆ ಮೂಳೆ ಸುರುಳಿಯಾಗಿ ಸೀಳಿರತ್ತೆ, ಸ್ಪೈರಲ್ ಅಂತೀವಿ. ಇದರ ಬುದ್ಧಿ ಏನಂದ್ರೆ ಎರಡು ತುಂಡೂ ಒಂದರ ಮೇಲೊಂದು ಜಾರಿ ಗಿಡ್ಡ ಆಗ್ತವೆ, ಜೊತೆಗೆ ತಿರುಗ್ತವೆ. ಬೆರಳು ನೆಟ್ಟಗೆ ಇಟ್ಟಾಗ ಏನೂ ಗೊತ್ತಾಗಲ್ಲ, ಮಡಚಿದಾಗ ಗೊತ್ತಾಗತ್ತೆ. ನಿಮ್ಮ ಕೈ ಮುಷ್ಟಿ ಹಿಡಿದು ನೋಡ್ಕೊಳ್ಳಿ, ನಾಲ್ಕೂ ಬೆರಳಿನ ತುದಿ ಹೆಬ್ಬೆರಳ ಬುಡದ ಕಡೆಗೇ ಮುಖ ಮಾಡ್ತವೆ. ತಿರುಗಿ ಕೂಡಿದ ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂರತ್ತೆ. ಆ ಕೈಲಿ ಬಿಂದಿಗೆ ಹಿಡಿಯೋಕೂ ಕಷ್ಟ, ಹಾಲು ಕರೆಯೋದಂತೂ ಬಿಡಿ.

ಪುತ್ತೂರು ಕಟ್ಟಿನ ಬಗ್ಗೆ ಅಜ್ಜಿ ಹತ್ರ ಜಗಳ ಆಡ್ಬೇಡಿ, ನಮ್ಮ ಕಡೆ ಜನ ತಲೆಮಾರಿಂದ ಹೋಗ್ತಾ ಇರೋರು. ಆದ್ರೆ ಹೊರಗಿಂದ ಎಷ್ಟು ಬಿಗಿಯಾಗಿ ಕಟ್ಟಿದ್ರೂ ಒಳಗೆ ಮೂಳೆ ತಿರುಗೋದನ್ನ ಅದು ತಡೆಯಲ್ಲ, ಬಿಗಿ ಜಾಸ್ತಿಯಾದ್ರೆ ಶುಗರ್ ಇರೋರಿಗೆ ಇನ್ನೂ ಅಪಾಯ.

ಪ್ರಶ್ನೆ ಕೇಳಿದವರು:
ಸರಿ ಸಾರ್, ಆಪರೇಷನ್ ಒಪ್ಕೊಂಡ್ವಿ. ತಂತಿನಾ ಸ್ಕ್ರೂನಾ ಅದು ಹೇಳಿ.

ಡಾಕ್ಟರ್ ಉತ್ತರ:
ಎಕ್ಸ್‌ರೇ ಕೈಲಿ ಹಿಡಿದು ನೋಡ್ದೆ ಇಂಥದ್ದೇ ಅಂತ ಹೇಳೋದು ತಪ್ಪು, ಲೆಕ್ಕ ಹೆಂಗೆ ಹಾಕ್ತೀವಿ ಅಂತ ಹೇಳ್ತೀನಿ.

ತಂತಿ ಅಂದ್ರೆ ಕೆ-ವೈರ್, ಮೂಳೆ ಒಳಗೆ ತೂರಿಸೋ ಸಣ್ಣ ಸ್ಟೀಲ್ ಕಡ್ಡಿ. ಸಾಮಾನ್ಯವಾಗಿ ಕುಯ್ಯೋದೇ ಬೇಡ, ಚರ್ಮದ ಮೇಲಿಂದಲೇ ತೂರಿಸ್ತೀವಿ, ತುದಿ ಆಚೆ ಬಿಟ್ಟಿರ್ತೀವಿ, 3–4 ವಾರಕ್ಕೆ ಓಪಿಡಿಲೇ ಎಳೆದು ತೆಗೀತೀವಿ. ಖರ್ಚು ಕಮ್ಮಿ. ತೊಂದರೆ ಎಲ್ಲಿ ಅಂದ್ರೆ ಅದು ಮೂಳೆನ ಅದುಮಿ ಹಿಡಿಯಲ್ಲ, ಹಂಗಾಗಿ ಅಷ್ಟು ದಿನ ಬೆರಳು ಸರಿಯಾಗಿ ಆಡಿಸೋಕಾಗಲ್ಲ, ಆಮೇಲೆ ಆಚೆ ಇರೋ ತುದಿಯಿಂದ ಕೀವು ಆಗೋ ಭಯ.

ಸ್ಕ್ರೂ ಕೆಲಸ ಬಡಗಿ ಕೆಲಸ ಇದ್ದಂಗೆ. ಎರಡು ಹಲಗೆ ಸೇರಿಸ್ಬೇಕಾದ್ರೆ ಮೇಲಿನ ಹಲಗೆ ತೂತು ಸಡಿಲ ಮಾಡ್ತಾರೆ, ಕೆಳಗಿನ ಹಲಗೇಲಿ ಮಾತ್ರ ಸ್ಕ್ರೂ ಸುರುಳಿ ಗೆರೆ ಕಚ್ಚತ್ತೆ, ತಿರುಗಿಸ್ತಾ ಹೋದಂಗೆ ಎರಡೂ ಒತ್ತಿ ಕೂರ್ತವೆ ಅಲ್ವಾ, ನಾವೂ ಮೂಳೇಲಿ ಅದನ್ನೇ ಮಾಡೋದು, ಲ್ಯಾಗ್ ಸ್ಕ್ರೂ ಅಂತ ಹೆಸರು. ದಪ್ಪ 1.5 ಮಿ.ಮೀ. ಆಸುಪಾಸು, ಹೆಚ್ಚುಕಮ್ಮಿ ಒಂದು ಅಕ್ಕಿ ಕಾಳಿನ ದಪ್ಪ. ಸೀಳಿನ ಉದ್ದ ಮೂಳೆ ಅಗಲದ ಎರಡರಷ್ಟಾದ್ರೂ ಇದ್ರೆ 2 ಸ್ಕ್ರೂಗೆ ಜಾಗ ಸಿಗತ್ತೆ, ಅದಕ್ಕಿಂತ ಗಿಡ್ಡ ಇದ್ರೆ ಅಥವಾ ಮೂಳೆ ಪುಡಿಯಾಗಿದ್ರೆ ಬರೀ ಸ್ಕ್ರೂ ಸಾಲಲ್ಲ. ಲಾಭ ಏನಂದ್ರೆ ಕೆಲವೇ ದಿನಕ್ಕೆ ಬೆರಳು ಮಡಚೋದು ಶುರು ಮಾಡಿಸ್ಬೋದು. ಬೆರಳಿನ ವಿಷಯದಲ್ಲಿ ಮೂಳೆ ಕೂಡದೇ ಇರೋದು ಅಪರೂಪ, ನಮಗೆ ಹೆದರಿಕೆ ಇರೋದು ಬೆರಳು ಬಿಗಿದು ಗಟ್ಟಿಯಾಗಿ ಮಡಚದೇ ಹೋಗತ್ತಲ್ಲ ಅದರದ್ದು.

ಹಂಗಂತ ಸ್ಕ್ರೂನೇ ಮೇಲು ಅಂತ ಯಾರಾದ್ರೂ ಖಡಾಖಂಡಿತ ಹೇಳಿದ್ರೆ ನಂಬ್ಬೇಡಿ. ಇದೇ ಮೂಳೆ, ಇದೇ ಥರ ಸೀಳು, ತಂತಿ ಹಾಕಿದೋರನ್ನೂ ಸ್ಕ್ರೂ ಹಾಕಿದೋರನ್ನೂ ಹೋಲಿಸಿ 2003ರಲ್ಲಿ ಒಂದು ಅಧ್ಯಯನ ಬಂತು, ಕೊನೆಗೆ ಅಂಥ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಸ್ಕ್ರೂಗೆ ಕುಯ್ಬೇಕು, ಕುಯ್ದಲ್ಲಿ ಬೆರಳು ಆಡಿಸೋ ನರ (ಟೆಂಡನ್) ಅಂಟ್ಕೊಳ್ಳೋ ಸಾಧ್ಯತೆ ಇದ್ದೇ ಇದೆ. ಆದ್ರೂ ನಿಮ್ಮಮ್ಮ ಶುಗರ್ ಇರೋರು, ದಿನಾ ಕೊಟ್ಟಿಗೆ ಸಗಣಿ ಗಂಜಲದ ಮಧ್ಯೆ ಇರೋರು, ಚರ್ಮದಿಂದ ಆಚೆ ತಂತಿ ಇಟ್ಕೊಂಡು ಒಂದು ತಿಂಗಳು ಓಡಾಡೋದು ನನಗೆ ಇಷ್ಟ ಇಲ್ಲ. ಸೀಳು ಉದ್ದ ಇದ್ರೆ ನಾನು ಸ್ಕ್ರೂ ಕಡೆ.

ಒಂದು ವಾರ ಹತ್ತು ದಿನದೊಳಗೆ ಮಾಡಿಸಿ, ತಡ ಮಾಡಿದಷ್ಟೂ ಮೂಳೆ ಸೊಟ್ಟಗೇ ಅಂಟ್ಕೊಳ್ಳೋಕೆ ಶುರುವಾಗತ್ತೆ. ಕೈಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಾಡ್ಬೋದು. ಬಿಪಿಎಲ್ ಕಾರ್ಡಿದ್ರೆ ಮೊದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೇಲಿ ವಿಚಾರಿಸಿ, ಆಯುಷ್ಮಾನ್ ಕಾರ್ಡೂ ತಗೊಂಡೇ ಹೋಗಿ.

ಗುಂಪಿನ ಇನ್ನೊಬ್ಬರು (ಮಾಲೂರು):
ಡಾಕ್ಟ್ರೇ ಮಧ್ಯ ಬಂದೆ ಕ್ಷಮಿಸಿ, ಆ ಸ್ಕ್ರೂ ಒಳಗೇ ತುಕ್ಕು ಹಿಡಿಯಲ್ವಾ? ಮತ್ತೆ ಕುಯ್ದು ತೆಗೀಬೇಕಾ?

ಡಾಕ್ಟರ್ ಉತ್ತರ:
ಟೈಟಾನಿಯಂ ಇಲ್ಲಾ ಆಪರೇಷನ್‌ಗೇ ಅಂತ ಮಾಡೋ ಸ್ಟೀಲು, ಮನೆ ಮೊಳೆ ಥರ ತುಕ್ಕು ಹಿಡಿಯಲ್ಲ. ಚುಚ್ಚಿದ್ರೆ, ಕೀವಾದ್ರೆ ತೆಗೀಬೇಕು, ಇಲ್ಲಾಂದ್ರೆ ಇದ್ದಲ್ಲೇ ಇರ್ಲಿ.

ಪ್ರಶ್ನೆ ಕೇಳಿದವರು (ಎರಡು ವಾರದ ಮೇಲೆ):
ಸಾರ್ 2 ಸ್ಕ್ರೂ ಹಾಕಿದ್ರು, ಹೊಲಿಗೆನೂ ಬಿಚ್ಚಿದ್ರು. ಬೆರಳು ಇನ್ನೂ ಬದನೆಕಾಯಿ ಥರ ಊದಿದೆ, ನೋವಿಗೆ ಅಮ್ಮ ಮಡಚ್ತಾನೇ ಇಲ್ಲ. ಹಾಲು ಯಾವಾಗ ಕರೀಬೋದು ಅಂತ ಮಾತ್ರ ದಿನಾ ಕೇಳ್ತಾರೆ.

ಡಾಕ್ಟರ್ ಉತ್ತರ:
ಊತ ಪೂರ್ತಿ ಇಳಿಯೋಕೆ ತಿಂಗಳುಗಟ್ಟಲೆ ಹಿಡಿಯತ್ತೆ, ಕೈ ಎದೆಗಿಂತ ಮೇಲಿಟ್ಕೊಂಡು ಮಲಗ್ಲಿ. ಮಡಚದೇ ಇರೋದು ಮಾತ್ರ ಸರಿಯಲ್ಲ, ಹಂಗೆ ಬಿಡೋದಾಗಿದ್ರೆ ಸ್ಕ್ರೂ ಯಾಕೆ ಹಾಕಿಸಿದ್ರಿ? ನಾಳೆನೇ ಆಪರೇಷನ್ ಮಾಡಿದ ಡಾಕ್ಟರ್‌ಗೆ ತೋರಿಸಿ ಫಿಸಿಯೋಥೆರಪಿ ಬರೆಸ್ಕೊಳ್ಳಿ, ಗಂಟೆಗೊಂದ್ಸಲ ಹತ್ತತ್ತು ಸಲ ಮಡಚಿ ಬಿಚ್ಚೋ ಥರ ಹೇಳ್ಕೊಡ್ತಾರೆ. ಹಾಲು ಕರೆಯೋದು ಹಿಂಡೋ ಕೆಲಸ, 8 ವಾರ ಆಗ್ಲಿ, ಎಕ್ಸ್‌ರೇ ನೋಡಿ ಅವರು ಹ್ಞೂಂ ಅಂದ್ಮೇಲೆ. ಅಲ್ಲಿವರೆಗೂ ನೀವೇ ಕರೀರಿ.

ಪ್ರಶ್ನೆ ಕೇಳಿದವರು:
ಹಸು ನನ್ನ ಹತ್ರನೇ ಬಿಟ್ಕೊಳಲ್ಲ ಸಾರ್, ಒದೆಯತ್ತೆ. ಪಕ್ಕದ ಮನೆ ಅಕ್ಕ ಬಂದು ಕರೆದುಕೊಡ್ತಾವ್ರೆ.